ಇಪ್ಪತ್ತನಾಲ್ಕು ಅಂಗುಲದ ಸೊಂಟ

ಬೆರಳಿನ ಉಗುರಿಗಿಂತ ಚಿಕ್ಕದಾದ ಒಂದು ಹಿತ್ತಾಳೆಯ ಚೂರು ಇಸ್ತ್ರಿಯಕ್ಕನ ಕೈಗೆ ಕಿತ್ತುಬಂದದ್ದೇ ಆ ದಿನದ ಅನಾಹುತಕ್ಕೆಲ್ಲ ಮೂಲ. ಆ ಚೂರು ಒಂದು ಜಿಪ್ಪಿನ ಹಿಡಿ. ಜಿಪ್ಪು ಹೆಂಗಸರ ಗೌನಿನದು. ಗೌನಿನೊಳಗೆ ಇದ್ದದ್ದು ಕತ್ತರಿಯಣ್ಣ.

“ಮೇಲಕ್ಕೆ ಹೋಯ್ತಾ?” ಎಂದು ಅವನು ಉಸಿರು ಬಿಗಿಹಿಡಿದೇ ಕೇಳಿದ.

“ಪೂರ್ತಿ ಹೋಯ್ತು,” ಎಂದಳು ಇಸ್ತ್ರಿಯಕ್ಕ, ಅಂಗೈ ಬಿಡಿಸಿ ತೋರಿಸುತ್ತ. “ಇನ್ನು ಕೆಳಕ್ಕೆ ಬರೋದು ಅದರ ಇಷ್ಟ.”

ನಲವತ್ತೇಳು ವರ್ಷದ, ಮೀಸೆಯುಳ್ಳ, ಎರಡು ಮಕ್ಕಳ ತಂದೆಯಾದ ಗಂಡಸೊಬ್ಬ ಹೆಂಗಸರ ಗೌನು ಹೊಕ್ಕ ಪರಿ ಎಂತೆಂದರೆ, ಅದಕ್ಕೆ ಒಂದು ಕಿಟಕಿ ಕಾರಣ.

ಕತ್ತರಿಯಣ್ಣ ಆ ಉಡುಪಿನ ಮನೆಯಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಬಟ್ಟೆ ಕತ್ತರಿಸುತ್ತಿದ್ದ. ಕೆಳಗೆ ಕನ್ನಡಿಗಳ ಅಂಗಡಿ, ಮೇಲೆ ಉದ್ದನೆಯ ಮೇಜುಗಳ ಕೆಲಸದ ಕೋಣೆ. ಆ ಕೋಣೆಗೆ ಟ್ಯೂಬ್‌ಲೈಟೇ ಸೂರ್ಯ, ಟ್ಯೂಬ್‌ಲೈಟೇ ಚಂದ್ರ. ಅದರ ಕೆಳಗೆ ಕಪ್ಪೂ ಕಡುನೀಲಿಯೂ ಅವಳಿ ಮಕ್ಕಳ ಹಾಗೆ ಕಾಣುತ್ತಿದ್ದವು. ಯಾವುದು ಯಾವುದೆಂದು ತಿಳಿಯಬೇಕಾದರೆ ಬಟ್ಟೆಯ ಥಾನು ಹೊತ್ತು ಬೀದಿಗೆ ಇಳಿಯಬೇಕು. ಮಹಡಿಯಲ್ಲಿ ಒಂದೇ ಒಂದು ಕಿಟಕಿಯಿತ್ತು, ಅದು ದೊಡ್ಡ ಮೇಸ್ತ್ರಿಯ ಕೋಣೆಯದು. ಕಳೆದ ತಿಂಗಳು ದೊಡ್ಡ ಮೇಸ್ತ್ರಿ ವಯಸ್ಸಾಯಿತೆಂದು ಕೆಲಸ ಬಿಟ್ಟರು. ಕುರ್ಚಿ ಖಾಲಿ, ಕಿಟಕಿ ಖಾಲಿ. ಕತ್ತರಿಯಣ್ಣ ದಿನಕ್ಕೆ ನಾಲ್ಕು ಸಲ ನೀರು ಕುಡಿಯುವ ನೆಪದಲ್ಲಿ ಆ ಬಾಗಿಲ ಮುಂದೆ ಹಾದು, ಒಳಗೆ ಬಿದ್ದ ಬಿಸಿಲಿನ ಚೌಕವನ್ನು ನೋಡಿಕೊಂಡು ಬರುತ್ತಿದ್ದ.

ಆ ಕುರ್ಚಿಗೆ ಇನ್ನೊಬ್ಬ ಹಕ್ಕುದಾರನಿದ್ದ. ಅವನು ಕತ್ತರಿಯಣ್ಣನ ಹೆಂಡತಿಯ ತಮ್ಮ. ಹೆಂಡತಿ ಹಗಲಿರುಳು ಹೇಳಿದ್ದಕ್ಕೆ ಕತ್ತರಿಯಣ್ಣನೇ ಅವನನ್ನು ಕೆಲಸಕ್ಕೆ ಸೇರಿಸಿದ್ದ. ಮೈದುನ ಕಂಪ್ಯೂಟರಿನಲ್ಲಿ ನಮೂನೆ ಬಿಡಿಸುತ್ತಿದ್ದ. ಕತ್ತರಿ ಹಿಡಿಯಲು ಬರುತ್ತಿರಲಿಲ್ಲ, ಹಿಡಿಯುವವರನ್ನು ಕಂಡರೆ ನಗು ಬರುತ್ತಿತ್ತು. ಭಾವ ಮುಗಿಸಿದ ಪ್ರತಿ ಉಡುಪಿನೊಳಗೂ ಕಡುನೀಲಿ ದಾರದಲ್ಲಿ ಮೂರು ಸುತ್ತಿನ ಗಂಟು ಹಾಕುವುದನ್ನು ನೋಡಿ, ಅದಕ್ಕೆ ‘ಭಾವನ ಮುದ್ರೆ’ ಎಂದು ಹೆಸರಿಟ್ಟವನೂ ಅವನೇ. ಆ ಗಂಟು ಯಾಕೆ ಎಂದು ಕೇಳಿದರೆ ಅರ್ಧ ಗಂಟೆ ಉಪನ್ಯಾಸ ಕೇಳಬೇಕಾಗುತ್ತಿತ್ತು; ಆದ್ದರಿಂದ ಯಾರೂ ಕೇಳುತ್ತಿರಲಿಲ್ಲ.

ಹೀಗಿರಲು ಯಜಮಾನಿ ಒಂದು ಗೌನು ತಂದಳು. ಮಾಗಿದ ದ್ರಾಕ್ಷಿಯ ಬಣ್ಣದ ರೇಷ್ಮೆ, ತೋಳಿಲ್ಲದ ಎದೆಕಟ್ಟು, ಹೂವಿನ ತೊಟ್ಟಿನಂಥ ಸೊಂಟ, ಕೆಳಗೆ ಹತ್ತು ಮೀಟರಿನ ಲಂಗ. ಎಪ್ಪತ್ತು ವರ್ಷದ ಹಿಂದೆ ಇಂಥ ಉಡುಪು ತೊಟ್ಟು ಪ್ರದರ್ಶನಗಳಲ್ಲಿ ನಡೆದಿದ್ದ ಒಬ್ಬ ಅಜ್ಜಿಯ ಪೆಟ್ಟಿಗೆಯಿಂದ ಬಂದದ್ದು. ಯಜಮಾನಿ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ಹೇಳಿದ್ದಳು: ಆಗ ಯುದ್ಧ ಮುಗಿದಿತ್ತು, ಬಟ್ಟೆಗಿದ್ದ ಪಡಿತರ ಚೀಟಿಯೂ ಮುಗಿದಿತ್ತು, ಹೆಂಗಸರು ಬಟ್ಟೆಗೆ ಹಸಿದಿದ್ದರು; ಆ ಹಸಿವಿಗೆ ಬಡಿಸಿದ ಔತಣ ಈ ಗೌನುಗಳು. ಇವತ್ತು ದೊಡ್ಡ ದೊಡ್ಡ ಉಡುಪಿನ ಮನೆಗಳೆಲ್ಲ ಅಜ್ಜಿಯರ ಪೆಟ್ಟಿಗೆ ಹುಡುಕುತ್ತಿರುವುದು ಅದಕ್ಕೇ. ಈಗಿನವರ ಬೀರು ತುಂಬಿದೆ, ಆದರೆ ಅಂಥ ಹಸಿವು ಇಲ್ಲ. ನಾವು ಈ ಒಂದರ ಅಳತೆ ತೆಗೆದು ಹನ್ನೆರಡು ಮಾಡುತ್ತೇವೆ, ಅಜ್ಜಿ ಒಪ್ಪಿದರೆ ಪೆಟ್ಟಿಗೆಯಲ್ಲಿರುವ ಉಳಿದ ಮೂವತ್ತೂ ನಮಗೇ.

ಅಜ್ಜಿ ಕಾಗದದ ಮೇಲೆ ಮೂರು ಷರತ್ತು ಬರೆಸಿಕೊಂಡಿದ್ದಳು. ಹೊಲಿಗೆ ಬಿಚ್ಚಬಾರದು. ಪಿನ್ನು ಚುಚ್ಚಬಾರದು. ಒಳಗನ್ನು ಹೊರಗೆ ತಿರುವಬಾರದು. ಮೂರನೆಯದು ಯಾಕೆ ಎಂದು ಕೇಳಿದ್ದಕ್ಕೆ, ಹೆಂಗಸಿನ ವಯಸ್ಸನ್ನೂ ಗೌನಿನ ಒಳಗನ್ನೂ ಕೇಳಬಾರದು ಎಂದಿದ್ದಳಂತೆ. ಒಂದು ದಿನದ ಮಟ್ಟಿಗೆ ಕೊಟ್ಟದ್ದು. ಸಂಜೆ ನಾಲ್ಕಕ್ಕೆ ತಾನೇ ಬಂದು ಒಯ್ಯುವೆನೆಂದಿದ್ದಳು.

ಬಿಚ್ಚದೆ ಅಳೆಯಬೇಕಾದರೆ ಗೌನು ಒಂದು ಮೈಮೇಲೆ ನಿಲ್ಲಬೇಕು. ಕೋಣೆಯ ಗೊಂಬೆಗಳೆಲ್ಲ ಈ ಕಾಲದ ಅಳತೆಯವು. ಗೊಂಬೆಗೆ ಉಸಿರು ಹಿಡಿ ಎಂದರೆ ಹಿಡಿಯುತ್ತದೆಯೆ? ಉಡುಪು ತೊಟ್ಟು ತೋರಿಸುವ ಹುಡುಗಿಯರಿಬ್ಬರು ಪ್ರಯತ್ನಿಸಿದರು. ತಾಳೆಮರದಂತೆ ಎತ್ತರದವರು, ಪಕ್ಕೆಲುಬು ಅಗಲ, ಜಿಪ್ಪು ಅರ್ಧದಲ್ಲೇ ಕೈಮುಗಿಯಿತು. ಇಸ್ತ್ರಿಯಕ್ಕ ತನ್ನ ಒಂದು ತೋಳು ಬೇಕಾದರೆ ಅದರೊಳಗೆ ಹೋದೀತು ಎಂದಳು.

“ಇಪ್ಪತ್ತನಾಲ್ಕು ಅಂಗುಲದ ಸೊಂಟ ಈಗ ಯಾರಿಗಿದೆ?” ಎಂದು ಯಜಮಾನಿ ನಿಟ್ಟುಸಿರಿಟ್ಟಳು.

ಎಲ್ಲರೂ ಒಟ್ಟಿಗೆ ಕತ್ತರಿಯಣ್ಣನ ಕಡೆ ತಿರುಗಿದರು. ಅವನನ್ನು ದೇವರು ಅವಸರದಲ್ಲಿ, ಉಳಿದ ಚೂರುಪಾರಿನಲ್ಲಿ ಕತ್ತರಿಸಿದ್ದ. ಅವನು ಖಾಲಿ ಕೋಣೆಯ ಬಿಸಿಲಿನ ಚೌಕವನ್ನು ಒಮ್ಮೆ ನೋಡಿದ. ಯಜಮಾನಿಯೂ ಅದನ್ನು ಗಮನಿಸಿ, ಇವತ್ತಿನ ಅಳತೆ ಸರಿಯಾಗಿ ಬಂದರೆ ಕಿಟಕಿಯ ವಿಷಯ ಸಂಜೆ ಮಾತಾಡೋಣ ಎಂದಳು.

“ನಾನೇ ತೊಡ್ತೀನಿ,” ಎಂದ ಕತ್ತರಿಯಣ್ಣ.

ಹಾಗೆ ಬೆಳಿಗ್ಗೆ ಒಂಬತ್ತೂವರೆಗೆ, ತಿಂಡಿ ತಿನ್ನದ ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಂಡು ಅವನು ಒಳಹೊಕ್ಕ. ಒಳಗಿನ ಸೊಂಟಪಟ್ಟಿಯ ಕೊಕ್ಕೆಗಳು ಬಿದ್ದವು, ಪಕ್ಕದ ಜಿಪ್ಪು ಏರಿತು, ಹಿಡಿ ಕಿತ್ತುಬಂತು. ಆಮೇಲೆ ಅವನು ಉಸಿರು ಬಿಟ್ಟ. ಬಿಟ್ಟ ಉಸಿರಿಗೆ ಹೊರಗೆ ಹೋಗಲು ದಾರಿ ಸಿಕ್ಕಿತು, ಒಳಗೆ ಬರಲು ಜಾಗ ಸಿಗಲಿಲ್ಲ.

ಮೊದಲು ಬಂದ ಸಲಹೆ ಇಸ್ತ್ರಿಯಕ್ಕನದು. ಹಬೆ ಹಿಡಿದರೆ ಎಂಥ ಬಿಗಿಯೂ ಸಡಿಲುತ್ತದೆ, ನನ್ನನ್ನು ನಿನ್ನ ತಂಗಿ ಅಂತ ತಿಳಿದು ನಿಂತುಕೋ ಎಂದು ಅವಳು ಇಸ್ತ್ರಿಪೆಟ್ಟಿಗೆ ಎತ್ತಿದಳು. ರೇಷ್ಮೆಗೆ ನೀರಿನ ಕಲೆ ಬಿದ್ದರೆ ಏಳು ಜನ್ಮಕ್ಕೂ ಹೋಗದು ಎಂದು ಕತ್ತರಿಯಣ್ಣ ಮೇಜಿನ ಸುತ್ತ ಓಡಿದ. ಓಡಿದ ಎನ್ನುವುದು ಮಾತಿಗೆ. ಹತ್ತು ಮೀಟರಿನ ಲಂಗದಲ್ಲಿ ಅದು ತೇರು ತಿರುಗಿಸಿದ ಹಾಗೆ ಆಯಿತು.

ಮೈದುನ ತಣ್ಣಗೆ ಕತ್ತರಿ ತಂದಿಟ್ಟ.

“ಭಾವ, ಪಕ್ಕದಲ್ಲಿ ಒಂದು ಗೇಣು ಬಿಚ್ಚಿದರೆ ಸಾಕು. ಆಚೆ ಬನ್ನಿ, ಮತ್ತೆ ಹೊಲಿದುಬಿಡಿ. ಅಜ್ಜಿಗೆ ತೊಂಬತ್ತು ವರ್ಷ, ಅವಳಿಗೇನು ಕಾಣುತ್ತೆ?”

“ಅವಳಿಗೆ ಕಾಣದೆ ಇರಬಹುದು. ಇದನ್ನ ಹೊಲಿದವನಿಗೆ ಕಾಣುತ್ತೆ.”

“ಅವನು ಸತ್ತು ಮಣ್ಣಾಗಿ ಎಷ್ಟು ವರ್ಷ ಆಯ್ತೋ.”

“ಅಂಥವರು ನೋಡ್ತಾ ಇರ್ತಾರೆ ಕಣಯ್ಯ,” ಎಂದ ಕತ್ತರಿಯಣ್ಣ. “ಈ ಪಕ್ಕದ ಓರೆ ನೋಡು. ಸೊಂಟದಿಂದ ತೊಡೆಗೆ ಹೇಗೆ ಹರಿದು ಬಂದಿದೆ, ಹಾಡು ಇಳಿದ ಹಾಗೆ. ನಿನ್ನ ಯಂತ್ರ ನೂರು ವರ್ಷ ತಪಸ್ಸು ಮಾಡಿದರೂ ಈ ಗೆರೆ ಬರಲ್ಲ. ಇಂಥ ಕೈಯ ಮೇಲೆ ನನ್ನ ಕೈ ಹಾಕೋ ಯೋಗ್ಯತೆ ನನಗಿಲ್ಲ. ಒಂದು ಹೊಲಿಗೆಯೂ ಬಿಚ್ಚಲ್ಲ.”

ಮೈದುನ ಕತ್ತರಿಯನ್ನು ಅಲ್ಲೇ ಬಿಟ್ಟುಹೋದ. ಮನಸ್ಸು ಬದಲಾದರೆ ಕೈಗೆ ಸಿಗಲಿ ಎಂದೋ, ಹೊಲಿಗೆ ಬಿಚ್ಚಿದ ಭಾವನಿಗೆ ಕುರ್ಚಿ ಸಿಗದಿರಲಿ ಎಂದೋ, ಅದು ಅವನಿಗೇ ಗೊತ್ತು.

ಬಟ್ಟೆಯವರಿಂದ ಆಗದ್ದು ಲೋಹದವರಿಂದ ಆದೀತು ಎಂದು ಯೋಚಿಸಿ, ಕತ್ತರಿಯಣ್ಣ ಬಾಗಿಲು ಕಾಯುವವನ ದೊಡ್ಡ ಕೋಟು ತೊಟ್ಟು, ಲಂಗವನ್ನು ಅದರೊಳಗೆ ತುರುಕಿ, ಬೀದಿಗೆ ಇಳಿದ. ಮೇಲೆ ಕಡ್ಡಿ, ಕೆಳಗೆ ಕಣಜ. ಮೂರು ಅಂಗಡಿಯಾಚೆ ಬೀಗ ರಿಪೇರಿಯವನಿದ್ದ. ಅಷ್ಟು ದೂರಕ್ಕೆ ಕಾಲು ಗಂಟೆ ಹಿಡಿಯಿತು. ಹಿಂದಿನಿಂದ ಬರುತ್ತಿದ್ದ ಹೆಂಗಸೊಬ್ಬಳು, ಈ ಸ್ಥಿತಿಯಲ್ಲಿ ಒಬ್ಬಳೇ ಯಾಕಮ್ಮ ಬಂದೆ ಎಂದು ಅಕ್ಕರೆಯಿಂದ ತೋಳು ಹಿಡಿದಳು. ಮುಂದೆ ಬಂದು ಮೀಸೆ ಕಂಡಮೇಲೆ ಬಿಟ್ಟ ಕೈಯನ್ನು ಸೆರಗಿಗೆ ಒರೆಸಿಕೊಂಡು ರಸ್ತೆ ದಾಟಿದಳು.

ಬೀಗದವನು ಕೋಟಿನ ಅಂಚು ಸರಿಸಿ ಬಹಳ ಹೊತ್ತು ನೋಡಿದ.

“ಸಿಕ್ಕಿಕೊಂಡ ಪೆಟ್ಟಿಗೆ ಎಷ್ಟೋ ಬಂದಿವೆ,” ಎಂದ. “ಪೆಟ್ಟಿಗೆಯೇ ನಡಕೊಂಡು ಬಂದದ್ದು ಇದೇ ಮೊದಲು.”

ಎರಡು ಹನಿ ಎಣ್ಣೆ ಬಿಟ್ಟರೆ ಬೆಣ್ಣೆಯಂತೆ ಜಾರುತ್ತದೆ ಎಂದು ಅವನು ಮೂತಿ ಉದ್ದದ ಡಬ್ಬಿ ಎತ್ತಿದ್ದೇ ತಡ, ಕತ್ತರಿಯಣ್ಣ ಹಿಮ್ಮೆಟ್ಟಿದ. ಎಣ್ಣೆ ಬೇಡವಾದರೆ ಇಕ್ಕಳದಲ್ಲಿ ಒಂದು ಹಲ್ಲು ಕೀಳುತ್ತೇನೆ ಎಂದ ಅವನು. ಯಾವುದರ ಹಲ್ಲು ಎಂದು ಕೇಳುವಷ್ಟು ಉಸಿರು ಕತ್ತರಿಯಣ್ಣನಲ್ಲಿ ಉಳಿದಿರಲಿಲ್ಲ.

ಮರಳುವಾಗ ಒಂದು ಅಂಗಡಿಯ ಗಾಜಿನಲ್ಲಿ ತನ್ನನ್ನೇ ಕಂಡು ಅವನು ನಿಂತ. ಇಪ್ಪತ್ತನಾಲ್ಕು ವರ್ಷ ಮೇಜಿನ ಮೇಲೆ ಬಾಗಿ ಬಾಗಿ ಕೊಕ್ಕೆಯಾಗಿದ್ದ ಬೆನ್ನು ನೆಟ್ಟಗಾಗಿತ್ತು. ಭುಜ ಹಿಂದಕ್ಕೆ, ಕತ್ತು ಮೇಲಕ್ಕೆ. ಈಗಿನ ಬಟ್ಟೆ ಮೈಯಿಂದ ಜೋತು ಬೀಳುತ್ತದೆ, ಈ ಬಟ್ಟೆ ಮೈಯನ್ನೇ ಎತ್ತಿ ಹಿಡಿಯುತ್ತದೆ. ಇದು ಉಡುಪಲ್ಲ, ಕಟ್ಟಡ. ಒಳಗೆ ಕಂಬವಿದೆ, ತೊಲೆಯಿದೆ. ಯಜಮಾನಿ ಹೇಳಿದ ಹಸಿವು, ಔತಣ ಎಲ್ಲ ಅವನಿಗೆ ಆಗ ಅರ್ಥವಾಯಿತು. ಯಾವನೋ ಪುಣ್ಯಾತ್ಮ ಇದನ್ನು ಕಟ್ಟಿದ್ದಾನೆ. ಅವನಿಗೆ ಮೋಸ ಮಾಡದೆ, ನಾಲ್ಕರೊಳಗೆ ಇದರ ಪ್ರತಿ ರೇಖೆಯನ್ನೂ ಕಾಗದಕ್ಕೆ ಇಳಿಸಿಯೇ ತೀರುತ್ತೇನೆ ಎಂದು ಅವನು ಅಲ್ಲೇ ಪಣ ತೊಟ್ಟ.

ಮಹಡಿಯಲ್ಲಿ ಯಜಮಾನಿ ಕಾದಿದ್ದಳು. ಇಸ್ತ್ರಿಯಕ್ಕ ಎಲ್ಲವನ್ನೂ ಹೇಳಿಯಾಗಿತ್ತು. ಯಜಮಾನಿ ಬೈಯಲಿಲ್ಲ. ಗಡಿಯಾರ ನೋಡಿದಳು, ಗೌನು ನೋಡಿದಳು, ನಡುವೆ ಇದ್ದ ಮನುಷ್ಯನನ್ನು ಮಾತ್ರ ನೋಡಲಿಲ್ಲ. ಹೇಗೂ ಒಳಗೇ ಇದ್ದೀರಿ, ಅಳತೆ ಮುಗಿಸಿಬಿಡಿ ಎಂದಳು.

ಅವನು ಮುಗಿಸಿದ. ಕೂರಲು ಗೌನಿನೊಳಗೆ ಹೊಲಿದಿದ್ದ ಗಟ್ಟಿ ಎಲುಬುಪಟ್ಟಿಗಳು ಬಿಡಲಿಲ್ಲ. ನಿಂತೇ ಅಳೆದ, ನಿಂತೇ ಬರೆದ, ನಿಂತೇ ಕಾಗದ ಕತ್ತರಿಸಿದ. ಬೆನ್ನಿನ ಭಾಗವನ್ನು ಎರಡು ಕನ್ನಡಿ ಇಟ್ಟು ಅಳೆದ. ನಡುವೆ ಹೆಂಡತಿಯ ಫೋನು ಬಂತು. ತಮ್ಮ ಸುದ್ದಿ ಮುಟ್ಟಿಸಿದ್ದ. ಮದುವೆಯ ದಿನವೂ ನೀವು ಅಷ್ಟು ಒಳ್ಳೆ ಬಟ್ಟೆ ಹಾಕಿರಲಿಲ್ಲವಲ್ಲ ಎಂದಳಂತೆ. ಇಸ್ತ್ರಿಯಕ್ಕ ಕರುಣೆಯಿಂದ ಅರ್ಧ ಬಾಳೆಹಣ್ಣು ತಿನ್ನಿಸಿದಳು. ಅದು ಎಲ್ಲಿ ಹೋಗಿ ನಿಂತಿತೆಂಬುದನ್ನು ಹೊರಗಿನಿಂದಲೇ ಬೆರಳಿಟ್ಟು ತೋರಿಸಬಹುದಿತ್ತು.

ಒಂದೇ ಒಂದು ಸಂಗತಿ ಅವನಿಗೆ ಬಗೆಹರಿಯಲಿಲ್ಲ. ಎಡಪಕ್ಕದಲ್ಲಿ, ಸೊಂಟದ ಬಳಿ, ಕಡಲೆಕಾಳಿನಷ್ಟು ದೊಡ್ಡದಾದ ಏನೋ ಒಂದು ಬೆಳಗಿನಿಂದ ಚುಚ್ಚುತ್ತಿತ್ತು. ಬಾಗಿದರೆ ಚುಚ್ಚುತ್ತದೆ, ನೆಟ್ಟಗಾದರೆ ಸುಮ್ಮನಾಗುತ್ತದೆ. ಯಾವನೋ ಬೇಜವಾಬ್ದಾರಿ ಒಳಗೆ ಏನೋ ಬಿಟ್ಟಿದ್ದಾನೆ ಎಂದು ಮೈದುನ ನಕ್ಕ.

“ಹಳಬರು ಸುಮ್ಮನೆ ಏನನ್ನೂ ಬಿಡ್ತಿರಲಿಲ್ಲ,” ಎಂದ ಕತ್ತರಿಯಣ್ಣ. “ತೊಟ್ಟವಳು ಬಾಗಬಾರದು ಅಂತಲೇ ಅದನ್ನ ಅಲ್ಲಿ ಇಟ್ಟಿದಾರೆ. ಒಂದು ಕಾಳಿನಷ್ಟು ಉಪಾಯದಲ್ಲಿ ರಾಣಿಯ ನಿಲುವು. ಈಗ ಯಾರಿಗೆ ಹೊಳೆಯುತ್ತೆ ಇದು?”

ಯಜಮಾನಿ ಕೇಳಿ ರೋಮಾಂಚನಗೊಂಡಳು. ಹನ್ನೆರಡು ಗೌನುಗಳಲ್ಲೂ ಅದೇ ಜಾಗದಲ್ಲಿ ಅದೇ ಗಾತ್ರದ ಗುಬುಟು ಇರಬೇಕೆಂದು ಅಪ್ಪಣೆಯಾಯಿತು. ಕತ್ತರಿಯಣ್ಣ ನಮೂನೆಯ ಕಾಗದದ ಮೇಲೆ ಆ ಜಾಗಕ್ಕೆ ಒಂದು ಚುಕ್ಕೆಯಿಟ್ಟು, ಭಕ್ತಿಯಿಂದ ಅದರ ಸುತ್ತ ಒಂದು ವೃತ್ತ ಬರೆದ.

ಮೂರೂಮುಕ್ಕಾಲಿಗೆ ನಮೂನೆ ಮುಗಿಯಿತು. ಗೌನು ಮಾತ್ರ ಅವನ ಮೈಮೇಲೇ ಇತ್ತು.

ಯಜಮಾನಿ ಯೋಚಿಸಿ ಒಂದು ದಾರಿ ಕಂಡುಹಿಡಿದಳು. ಅಜ್ಜಿಗೆ ಕಣ್ಣು ಮಂಜು. ದೊಡ್ಡ ಮೇಸ್ತ್ರಿಯ ಕೋಣೆಯಲ್ಲಿ ನಾಲ್ಕು ಗೊಂಬೆಗಳ ನಡುವೆ ನೀವೂ ನಿಂತುಬಿಡಿ, ತಲೆಯ ಮೇಲೆ ಬಿಳಿ ಬಟ್ಟೆ ಹೊದಿಸುತ್ತೇವೆ, ಅವಳು ನೋಡಿ ಸಮಾಧಾನಪಟ್ಟಮೇಲೆ ನಾಳೆಯವರೆಗೆ ಕಾಲಾವಕಾಶ ಕೇಳುತ್ತೇನೆ ಎಂದಳು. ಹಾಗೆ ಕತ್ತರಿಯಣ್ಣ ಇಪ್ಪತ್ತನಾಲ್ಕು ವರ್ಷದಿಂದ ಹಂಬಲಿಸಿದ ಕಿಟಕಿಯ ಬಳಿ ಕೊನೆಗೂ ನಿಂತ. ಬಿಸಿಲು ಭುಜಕ್ಕೆ ಬೀಳುತ್ತಿತ್ತು. ತಲೆಯ ಮೇಲೆ ಬಟ್ಟೆಯಿದ್ದುದರಿಂದ ಏನೂ ಕಾಣುತ್ತಿರಲಿಲ್ಲ.

ಅಜ್ಜಿ ನಾಲ್ಕಕ್ಕೆ ಸರಿಯಾಗಿ ಬಂದಳು. ಕೋಲೂರಿ ಗೌನನ್ನು ಒಂದು ಸುತ್ತು ಬಂದಳು. ಎರಡನೆಯ ಸುತ್ತಿನಲ್ಲಿ ನಿಂತು, ಕೋಲಿನಿಂದ ಗೊಂಬೆಯ ಪಾದ ತಟ್ಟಿದಳು. ಗೊಂಬೆ ಪಾದ ಹಿಂದೆಳೆದುಕೊಂಡಿತು.

“ನಿಮ್ಮ ಗೊಂಬೆ ಚಪ್ಪಲಿ ಹಾಕ್ಕೊಂಡಿದೆಯಲ್ಲ,” ಎಂದಳು ಅಜ್ಜಿ. “ಉಸಿರೂ ಆಡ್ತಿದೆ. ಕಷ್ಟದಲ್ಲಿ.”

ಬಟ್ಟೆ ಸರಿಸಿದ ಮೇಲೆ ಮೀಸೆ ಕಂಡಿತು. ಕತ್ತರಿಯಣ್ಣ ಕೈಮುಗಿದು ಎಲ್ಲವನ್ನೂ ಹೇಳಿದ: ಸೊಂಟ, ಜಿಪ್ಪು, ಹಬೆ, ಎಣ್ಣೆ, ಕತ್ತರಿ. ತನ್ನ ಮಾನ ಹೋದರೂ ಒಂದು ಹೊಲಿಗೆ ಬಿಚ್ಚಿಲ್ಲ, ಒಂದು ಪಿನ್ನು ಚುಚ್ಚಿಲ್ಲ, ಇದನ್ನು ಹೊಲಿದ ಮಹಾನುಭಾವನ ಮೇಲಾಣೆ ಎಂದ.

ಅಜ್ಜಿ ಕೇಳಿಸಿಕೊಂಡು, ಅವನ ಎಡಪಕ್ಕಕ್ಕೆ ಎರಡು ಬೆರಳು ತುರುಕಿದಳು.

“ಇಲ್ಲೇನೋ ಚುಚ್ಚಬೇಕಲ್ಲ?”

“ಚುಚ್ಚುತ್ತೆ ತಾಯಿ. ನಿಲುವಿಗೆ ಅಂತ ಹಳಬರು—”

“ನಿಲುವೂ ಇಲ್ಲ, ಮಣ್ಣೂ ಇಲ್ಲ. ಇದು ಗಂಟು.” ಅಜ್ಜಿ ದಾರದ ಒಂದು ತುದಿ ಹುಡುಕಿ ಎಳೆದಳು. ಸರ್ರನೆ, ಸರಪಳಿ ಬಿಚ್ಚಿದ ಹಾಗೆ, ಕಂಕುಳಿನಿಂದ ತೊಡೆಯವರೆಗೆ ಹೊಲಿಗೆ ತಾನಾಗಿ ಬಿಟ್ಟುಕೊಂಡಿತು. ಜಿಪ್ಪು ಇಡಿಯಾಗಿ, ಬಟ್ಟೆಗೆ ಒಂದು ಗೀರೂ ಇಲ್ಲದೆ, ಅವಳ ಕೈಗೆ ಬಂತು. ಕತ್ತರಿಯಣ್ಣ ಆ ದಿನದ ಮೊದಲ ಪೂರ್ತಿ ಉಸಿರು ಎಳೆದುಕೊಂಡ. “ಜಿಪ್ಪು ಬಟ್ಟೆಗಿಂತ ಮೊದಲು ಸಾಯುತ್ತೆ, ಸಿಕ್ಕಿಕೊಂಡರೆ ಈ ಗಂಟು ಎಳೀರಿ, ಜಿಪ್ಪು ಬದಲಾಯಿಸಿ ಮತ್ತೆ ಕೂರಿಸಬಹುದು ಅಂತ ಹೊಲಿದವನು ಚೀಟಿ ಬರೆದು ಕಳಿಸಿದ್ದ.”

ಕತ್ತರಿಯಣ್ಣನಿಗೆ ಈ ಮಾತನ್ನು ಎಲ್ಲೋ ಕೇಳಿದ ಹಾಗಾಯಿತು. ಬಹಳ ಸಲ ಕೇಳಿದ ಹಾಗೆ. ಅವನು ಅಜ್ಜಿಯ ಕೈಯಿಂದ ದಾರ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಕಪ್ಪಲ್ಲ, ಕಡುನೀಲಿ. ತುದಿಯಲ್ಲಿ ಮೂರು ಸುತ್ತಿನ ಗಂಟಿನ ಸುಕ್ಕು ಇನ್ನೂ ಉಳಿದಿತ್ತು.

“ಭಾವನ ಮುದ್ರೆ,” ಎಂದ ಮೈದುನ ಮೆಲ್ಲಗೆ.

ಅಜ್ಜಿ ಕುರ್ಚಿಯಲ್ಲಿ ಕುಳಿತು ಉಳಿದದ್ದನ್ನೂ ಒಪ್ಪಿಕೊಂಡಳು. ಅಸಲಿ ಗೌನು ಎಂದೋ ನುಸಿಯ ಹೊಟ್ಟೆ ಸೇರಿತ್ತು. ಇಪ್ಪತ್ತಮೂರು ವರ್ಷದ ಹಿಂದೆ, ಈ ಯಜಮಾನಿ ಬರುವ ಮೊದಲು, ಇದೇ ಉಡುಪಿನ ಮನೆಯಲ್ಲಿ, ಒಂದು ಹಳೆಯ ಫೋಟೋ ತೋರಿಸಿ ಇದನ್ನು ಹೊಲಿಸಿದ್ದಳು. ಫೋಟೋ ಮುಂದಿನಿಂದ ತೆಗೆದದ್ದು. ಪಕ್ಕ ಹೇಗಿತ್ತೆಂದು ದೊಡ್ಡ ಮೇಸ್ತ್ರಿ ಕೇಳಿದರೆ ಅವಳಿಗೂ ನೆನಪಿರಲಿಲ್ಲ. ಹೊಸದಾಗಿ ಸೇರಿದ ಕತ್ತರಿಯವನೊಬ್ಬನಿದ್ದಾನೆ, ಅವನು ಹೊಂದಿಸಿಕೊಳ್ಳುತ್ತಾನೆ ಎಂದಿದ್ದರಂತೆ ಮೇಸ್ತ್ರಿ. ಪೆಟ್ಟಿಗೆಯಲ್ಲಿರುವ ಮೂವತ್ತೂ ಹಾಗೆಯೇ ಆದವು. ಒಳಗನ್ನು ತಿರುವಿದರೆ ಗುಟ್ಟು ಹೊರಬೀಳುತ್ತದೆಂದು ಮೂರನೆಯ ಷರತ್ತು.

ಕತ್ತರಿಯಣ್ಣನಿಗೆ ಈಗ ನೆನಪಾಯಿತು. ಆ ದಿನಗಳಲ್ಲಿ ಹೊಸಬರ ಕೈಗೆ ಬಿಡಿ ತುಂಡುಗಳಷ್ಟೇ ಬರುತ್ತಿದ್ದವು. ಪಕ್ಕ ಒಬ್ಬನಿಗೆ, ಲಂಗ ಒಬ್ಬನಿಗೆ. ಟ್ಯೂಬ್‌ಲೈಟಿನ ಕೆಳಗೆ ಅವನು ಕತ್ತರಿಸಿ ಕೂಡಿಸಿದ ನೂರಾರು ಪಕ್ಕಗಳಲ್ಲಿ ಇದೂ ಒಂದು. ಯಾವ ಗೌನಿಗೆ ಹೋಯಿತೆಂದು ಅವನು ಕಂಡಿರಲೇ ಇಲ್ಲ. ಬೆಳಗಿನಿಂದ ಅವನು ಕೈಮುಗಿದ ಮಹಾನುಭಾವ ಅವನೇ.

ಇಸ್ತ್ರಿಯಕ್ಕ ಮೊದಲು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು. ಕತ್ತರಿಯಣ್ಣ ಬಿಚ್ಚಿದ ಗೌನನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದು, ನೆಟ್ಟಗೆ ನಿಂತು, ಯಜಮಾನಿಯ ಕಡೆ ನೋಡಿದ. ಇನ್ನು ಕಿಟಕಿಯ ವಿಷಯದಲ್ಲಿ ಮಾತಾಡಲು ಏನು ಉಳಿದಿದೆ ಎಂಬಂತೆ ನೋಡಿದ.

ಯಜಮಾನಿ ದೃಢವಾದ ಹೆಂಗಸು. ಏನೂ ಕೆಟ್ಟಿಲ್ಲ ಎಂದಳು. ಗೌನು ಇಪ್ಪತ್ತಮೂರು ವರ್ಷ ಹಳೆಯದು, ಹಳೆಯದು ಹಳೆಯದೇ. ಫೋಟೋ ಎಪ್ಪತ್ತು ವರ್ಷದ್ದು, ಸ್ಫೂರ್ತಿಗೆ ಅಷ್ಟು ಸಾಕು. ಮೂವತ್ತನ್ನೂ ತರಿಸೋಣ. ಆಮೇಲೆ ಕತ್ತರಿಯಣ್ಣನ ಕಡೆ ತಿರುಗಿದಾಗ ಅವಳ ಕಣ್ಣಲ್ಲಿ ನಿಜವಾದ ಗೌರವವಿತ್ತು.

“ಬೆಳಿಗ್ಗೆ ತನಕ ನಿಮಗೇ ಕುರ್ಚಿ ಅಂದ್ಕೊಂಡಿದ್ದೆ,” ಎಂದಳು. “ಈಗ ಗೊತ್ತಾಯ್ತು. ಇಂಥ ಕೈಯನ್ನ ಮೇಜಿನಿಂದ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದರೆ ನನಗೆ ಪಾಪ ಬರುತ್ತೆ. ಕುರ್ಚಿಗೆ ಯಾರಾದರೂ ಆಗ್ತಾರೆ.”

ಯಾರಾದರೂ ಎಂಬುದು ಮೈದುನನೇ ಆದ. ಅವನು ಅವತ್ತೇ ಸಂಜೆ ಕಂಪ್ಯೂಟರನ್ನು ಆ ಕೋಣೆಗೆ ಹೊತ್ತುಕೊಂಡು ಹೋದ. ಪರದೆಯ ಮೇಲೆ ಬಿಸಿಲು ಹೊಡೆಯುತ್ತದೆಂದು ಕಿಟಕಿಗೆ ದಪ್ಪನೆಯ ಕಪ್ಪು ಬಟ್ಟೆ ಎಳೆದ. ಕಪ್ಪೋ, ಕಡುನೀಲಿಯೋ, ಕತ್ತರಿಯಣ್ಣನಿಗೆ ಮೇಜಿನಿಂದ ಗೊತ್ತಾಗಲಿಲ್ಲ. ಬೆನ್ನು ಆಗಲೇ ಮತ್ತೆ ಕೊಕ್ಕೆಯಾಗಿತ್ತು.

ಸ್ವಲ್ಪ ಹೊತ್ತಿಗೆ ಆ ಕೋಣೆಯಿಂದ ಹೊಸ ಮೇಸ್ತ್ರಿಯ ಮೊದಲ ಆಜ್ಞೆ, ಅಚ್ಚು ಹಾಕಿದ ಕಾಗದದಲ್ಲಿ, ಅವನ ಮೇಜಿಗೆ ಬಂತು. ಉಳಿದ ಮೂವತ್ತು ಗೌನುಗಳು ನಾಳೆ ಬರುತ್ತವೆ, ಎಲ್ಲದರ ಸೊಂಟವೂ ಇಪ್ಪತ್ತನಾಲ್ಕೇ ಎಂದು ಅದರಲ್ಲಿತ್ತು. ಕೆಳಗೆ ಕೈಯಲ್ಲಿ ಬರೆದಿತ್ತು: ‘ತಿಂಡಿ ತಿನ್ನದೆ ಬನ್ನಿ, ಭಾವ.’